ತೊಂಬತ್ತರಲ್ಲಿ ನಿಂತ ಮುಳ್ಳು

ಜೂನ್ ೧೨

ಅಪ್ಪಾ,

ನೀನು ಅತ್ತೆಯ ಮನೆ ಸೇರಿದ್ದು ಗೊತ್ತಾಯಿತು. ಫೋನನ್ನು ನಿನ್ನ ಕೈಗೆ ಕೊಡಿ ಅಂದೆ ಅತ್ತೆಗೆ. "ಕೊಟ್ಟು ಏನು ಮಾಡ್ಲಿ? ನಿಮ್ಮಪ್ಪ ಎಲ್ಲದಕ್ಕೂ ಹೂಂ ಅಂತಾನೆ. ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಹೂಂ ಅಂತಾನೆ" ಅಂದರು. ಮೆಸೇಜ್ ಕಳಿಸೋಣ ಅಂದರೆ ನೀನು ಮೊಬೈಲನ್ನು ಬಿಸಿ ಸೈಲೆನ್ಸರ್ ಹಿಡಿದ ಹಾಗೆ ಹಿಡಿಯುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಹೋದ ಮೇಲೆ ಚಿಕ್ಕಪ್ಪ ಮಾಡಿದ ಮೊದಲ ಕೆಲಸ ನಿನ್ನ ಸ್ಟೂಲನ್ನು ಹಳೇ ಟೈರುಗಳ ಹಿಂದೆ ಎಸೆದದ್ದು. ಆಮೇಲೆ ಗ್ಯಾರೇಜಿನ ಗೇಟಿಗೆ ಹೊಸ ಬೋರ್ಡು ಬಂತು: "ಇಲ್ಲಿ ಎಲ್ಲಾ ರಿಪೇರಿ ಕಂಪ್ಯೂಟರ್ ಮೂಲಕ." ಆ ಕಂಪ್ಯೂಟರ್ ಅಂದರೆ ನೀನು ತಂದಿಟ್ಟ, ಗಾಡಿಗೆ ಸಿಕ್ಕಿಸಿ ಎಂಜಿನ್ನಿನ ನಂಬರು ಓದುವ ಸ್ಕ್ಯಾನರ್ರೇ. ಕಿವಿ ಮಂದವಾದ ಮೇಲೆ ನೀನು ಹಟ ಹಿಡಿದು ಕಲಿತದ್ದು, ನನಗೂ ಅರ್ಧ ಕಲಿಸಿದ್ದು. ಚಿಕ್ಕಪ್ಪನಿಗೆ ಡೆಂಟ್ ತೆಗೆಯುವುದು, ಬಣ್ಣ ಹೊಡೆಯುವುದು, ಹಳೇ ಗಾಡಿ ಮಾರುವುದು ಬಿಟ್ಟರೆ ಎಂಜಿನ್ ವಿಷಯ ಅಷ್ಟಕ್ಕಷ್ಟೇ. ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ. ಬಂದವರಿಗೆಲ್ಲ "ನಮ್ಮನೆ ಹುಡುಗಿ, ಕಂಪ್ಯೂಟರ್ ಇವಳೇ ನೋಡೋದು" ಅಂತ ತೋರಿಸುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ.

ಅವತ್ತು ನಾನು ಬೇರಿಂಗ್ ತರಲು ಪೇಟೆಗೆ ಹೋಗಬಾರದಿತ್ತು. ನಡೆದದ್ದನ್ನೆಲ್ಲ ಎದುರಿನ ಟೈರ್ ಅಂಗಡಿಯವನ ಬಾಯಿಂದ ಕೇಳಬೇಕಾಯಿತು. ಟ್ಯಾಕ್ಸಿ ಓಡಿಸುವ ಮೀಸೆ ತನ್ನ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದನಂತೆ. ಎಂಜಿನ್ ಕಾದು, ಕಚ್ಚಿಕೊಂಡು ಸೀಜ್ ಆಗಿತ್ತಂತೆ. "ನಮ್ಮಣ್ಣ ಹಿಂದಿನ ದಿನ ನೋಡಿದ್ದ, ನೀರಿನ ಪೈಪ್ ಸಡಿಲ ಬಿಟ್ಟಿರಬೇಕು" ಅಂತ ಚಿಕ್ಕಪ್ಪ ಅಂದರಂತೆ. ಮೀಸೆ ನಿನ್ನ ಕಾಲರ್ ಹಿಡಿದು, "ನೀನೇ ಬಿಟ್ಟಿದ್ದಾ? ಹೇಳು, ನೀನೇನಾ?" ಅಂತ ಕಿರುಚಿದನಂತೆ. ನೀನು ತಲೆ ಆಡಿಸಿದೆಯಂತೆ.

ನಿನಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಕೇಳಿಸದಿದ್ದಾಗ ತಲೆ ಆಡಿಸಿ ಸುಮ್ಮನಾಗುವುದು ನಿನ್ನ ಅಭ್ಯಾಸ ಅಂತ ನನಗೆ ಗೊತ್ತು. ಚಿಕ್ಕಪ್ಪನಿಗೂ ಗೊತ್ತು. ಚಿಕ್ಕ ವಯಸ್ಸಿಂದ ನಿನ್ನ ಜೊತೆ ಬೆಳೆದವರಿಗೆ ಗೊತ್ತಿರದೆ ಇರುತ್ತಾ? ಪಕ್ಕದಲ್ಲೇ ನಿಂತಿದ್ದವರು "ಅವನಿಗೆ ಕೇಳಿಸಿಲ್ಲ" ಅಂತ ಒಂದು ಮಾತು ಹೇಳಲಿಲ್ಲ. ಅಂಗಳದ ತುಂಬ ಜನ ನೋಡಿದರು, ಒಪ್ಪಿಕೊಂಡ ಅಂದುಕೊಂಡರು. ಮೂವತ್ತು ವರ್ಷದ ಹೆಸರು ಒಂದು ಸಲ ತಲೆ ಆಡಿಸಿದ್ದಕ್ಕೆ ಹೋಯಿತು.

ನಾನು ಇಲ್ಲಿಂದ ಕದಲುವುದಿಲ್ಲ ಅಪ್ಪಾ. ಅವರ ಪಕ್ಕದಲ್ಲೇ ಇದ್ದು, ಅವರ ಅನ್ನವೇ ಉಂಡು, ಇದಕ್ಕೆ ಲೆಕ್ಕ ಚುಕ್ತಾ ಮಾಡುತ್ತೇನೆ.

ಈಗ ಕೆಲಸದ ಮಾತು. ಬೇಕರಿಯವರ ವ್ಯಾನು ಬಂದಿದೆ. ಪೆಟ್ರೋಲಿನ ಜೊತೆ ಇರಬೇಕಾದ್ದಕ್ಕಿಂತ ಗಾಳಿ ಜಾಸ್ತಿಯಾಗಿದೆ ಅಂತ ಸ್ಕ್ಯಾನರ್ ತೋರಿಸುತ್ತಿದೆ. ಹೊಗೆ ಪೈಪಿನ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಅಂತ ಚಿಕ್ಕಪ್ಪ ಹೊಸದು ಹಾಕಿಸಿದರು. ಮತ್ತೆ ಅದೇ ತೋರಿಸಿತು. ಈಗ ಇನ್ನೊಂದು ಹಾಕಿಸುತ್ತಾರಂತೆ. ಗಾಡಿಯೊಳಗಿನ ಕಂಪ್ಯೂಟರ್ ತಾನಾಗಿ ಸೇರಿಸುತ್ತಿರುವ ಪೆಟ್ರೋಲು ನಿಂತಲ್ಲೇ ಓಡುವಾಗ ಶೇಕಡಾ ಇಪ್ಪತ್ತೈದು ಹೆಚ್ಚು. ಆಕ್ಸಿಲರೇಟರ್ ತುಳಿದರೆ ಐದಕ್ಕೆ ಇಳಿಯುತ್ತದೆ. ಏನಿದು?

ಗ್ರೀಸ್ ಕೈಯಲ್ಲೇ ಬರೆದದ್ದು, ಕಲೆಗೆ ಬಯ್ಯಬೇಡ,
ನಿನ್ನ ನಟ್ಟು


ಜೂನ್ ೨೦

ನಟ್ಟೂ,

ಸೆನ್ಸರ್ ಚೆನ್ನಾಗಿದೆ. ಅದು ಕಂಡದ್ದನ್ನು ಹೇಳಿದೆ ಅಷ್ಟೇ. ಗಾಳಿ ಜಾಸ್ತಿ ಇದೆ ಅಂತ ಅದು ಹೇಳಿದರೆ, ಆ ಗಾಳಿ ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕು. ಎಂಜಿನ್ ನಿಂತಲ್ಲೇ ಓಡುವಾಗ ಒಳಗೆ ಹೋಗುವ ಗಾಳಿ ಕಡಿಮೆ. ಆಗ ಸಣ್ಣ ಬಿರುಕಿನಿಂದ ನುಗ್ಗಿದ್ದೂ ದೊಡ್ಡದಾಗಿ ಕಾಣುತ್ತೆ. ತುಳಿದಾಗ ಗಾಳಿ ರಾಶಿ ರಾಶಿ ಹೋಗುತ್ತೆ, ಅದರಲ್ಲಿ ಬಿರುಕಿನ ಗಾಳಿ ಲೆಕ್ಕಕ್ಕೇ ಬರಲ್ಲ. ಅದಕ್ಕೇ ಇಪ್ಪತ್ತೈದು ಇದ್ದದ್ದು ಐದಾಗಿದ್ದು. ಬ್ರೇಕ್ ಬೂಸ್ಟರಿನ ರಬ್ಬರ್ ಪೈಪನ್ನು ಬಗ್ಗಿಸಿ ನೋಡು. ಕೆಳಭಾಗದಲ್ಲಿ ಸೀಳಿರುತ್ತೆ.

ಹೇಳಿದವನನ್ನೇ ಕಿತ್ತು ಹೊರಗೆ ಹಾಕೋದು ನಿನ್ನ ಚಿಕ್ಕಪ್ಪನ ಹಳೇ ಚಾಳಿ.

ಸೇಡು ಗೀಡು ಬೇಡ. ಸುಮ್ಮನೆ ಹೊರಟು ಬಾ. ಇಲ್ಲೂ ಗ್ಯಾರೇಜುಗಳಿವೆ. ಅಕ್ಕ ದಿನಾ ನಿನ್ನ ಹೆಸರು ಹೇಳಿ ಒಂದು ತಟ್ಟೆ ಜಾಸ್ತಿ ಇಡ್ತಾಳೆ. ಆಮೇಲೆ ಅದರಲ್ಲಿರೋದನ್ನು ನನ್ನ ತಟ್ಟೆಗೇ ಸುರೀತಾಳೆ. ಹೊಟ್ಟೆ ಬಂದಿದೆ.

ಆದರೆ ಒಂದು ವಿಷಯ. ಎಂಜಿನ್ ಸೀಜ್ ಆಗೋ ಹಿಂದಿನ ದಿನ ಮೀಸೆ ಆ ಗಾಡಿ ತಂದಿದ್ದ, ಏನೋ ಸುಟ್ಟ ವಾಸನೆ ಅಂತ. ಬಾನೆಟ್ ಮೇಲೆ ಕೈ ಇಟ್ಟರೆ ತಡೆಯೋಕಾಗಲ್ಲ, ಅಷ್ಟು ಕಾದಿತ್ತು. ಎಂಜಿನ್ ತಣಿಸೋ ಫ್ಯಾನ್ ಮಾತ್ರ ತಿರುಗ್ತಿರಲಿಲ್ಲ. ಸ್ಕ್ಯಾನರ್ ಹಾಕಿದೆ. ಎಂಜಿನ್ ನೀರಿನ ಬಿಸಿ ತೊಂಬತ್ತು ಡಿಗ್ರಿ. ಬಹಳ ಹೊತ್ತು ನೋಡ್ತಾ ನಿಂತೆ. ತೊಂಬತ್ತೊಂದೂ ಆಗಲಿಲ್ಲ, ಎಂಬತ್ತೊಂಬತ್ತೂ ಆಗಲಿಲ್ಲ. ಓಡೋ ಎಂಜಿನ್ನಿನ ನಂಬರು ಹಾಗೆ ಕಲ್ಲಿನ ಹಾಗೆ ನಿಲ್ಲಲ್ಲ ನಟ್ಟೂ, ಒಂದೆರಡು ಡಿಗ್ರಿ ಆಡ್ತಾನೇ ಇರುತ್ತೆ. "ಗಾಡಿ ಇಲ್ಲೇ ಬಿಡು, ನಾಳೆ ಬಿಚ್ಚಿ ನೋಡ್ತೀನಿ" ಅಂದೆ. ನಿನ್ನ ಚಿಕ್ಕಪ್ಪ ಬಂದು ಅವನ ಕಿವೀಲಿ ಏನೋ ಹೇಳಿ, ನಗಿಸಿ, ಕಳಿಸಿಬಿಟ್ಟ.

ಆ ಗಾಡೀನ ಮೀಸೆಗೆ ಮಾರಿದ್ದೂ ಅವನೇ ಅಲ್ಲವಾ? ಈಗ ಅದು ಎಲ್ಲಿದೆ, ತಿಳಿದುಕೊಂಡು ಬರಿ.

ನಿನ್ನ ಅಪ್ಪ


ಜುಲೈ ೨

ಅಪ್ಪಾ,

ರಬ್ಬರ್ ಪೈಪಿನ ಕೆಳಗೆ, ನೀನು ಹೇಳಿದ ಜಾಗದಲ್ಲೇ ಸೀಳಿತ್ತು. ಬದಲಾಯಿಸಿದೆ, ವ್ಯಾನು ಸರಿಹೋಯಿತು. ಬೇಕರಿಯವರ ಎದುರು ಚಿಕ್ಕಪ್ಪ "ನಾನು ಹೇಳಿದ್ದೆನಲ್ಲ, ಗಾಳಿ ಎಳೀತಿದೆ ಅಂತ" ಅಂದ. ನನ್ನ ಮೈಯೆಲ್ಲ ಉರಿಯಿತು.

ಮೀಸೆಯ ಗಾಡಿ ಗುಜರಿಗೆ ಹೋಗಿದೆ. ಮೀಸೆ ಕಳಿಸಲಿಲ್ಲ, ಚಿಕ್ಕಪ್ಪನೇ ಕಳಿಸಿದ. ಎಂಜಿನ್ ಬಿಚ್ಚಿಸಿ ಉಳಿಸಿಕೊಳ್ಳೋಣ ಅಂತ ಮೀಸೆ ಒದ್ದಾಡುತ್ತಿದ್ದನಂತೆ. "ಸತ್ತ ಹೆಣ ಇಟ್ಕೊಂಡು ಏನು ಮಾಡ್ತೀಯ" ಅಂತ ಇವನೇ ಅವಸರ ಮಾಡಿ ಲಾರಿ ತರಿಸಿದನಂತೆ. ಈಗ ಮೀಸೆ ಯಾರದೋ ಗಾಡಿಗೆ ಡ್ರೈವರ್. ನಮ್ಮ ಗೇಟಿನ ಮುಂದೆ ಹೋಗುವಾಗ ಗ್ಲಾಸ್ ಇಳಿಸಿ ಉಗಿದು ಹೋಗುತ್ತಾನೆ. ನಿನ್ನ ಹೆಸರಿಗೆ ಉಗಿಯುತ್ತಾನೆ ಅಪ್ಪಾ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ.

ಇನ್ನು ಇದನ್ನು ಕೂತು ಓದು. ಮಾರಾಟಕ್ಕೆ ಅಂತ ಒಂದು ನೀಲಿ ಗಾಡಿ ಬಂದಿದೆ. ಬಣ್ಣ ಹೊಡೆದು ಫಳಫಳ ಮಾಡಿದ್ದಾನೆ. ಮೊನ್ನೆ ಒಬ್ಬರು ನೋಡಲು ಬಂದಿದ್ದರು. ಅವರ ಮುಂದೆ ಸ್ಕ್ಯಾನರ್ ಹಾಕಿ, "ನೋಡಿ ಸಾರ್, ತೊಂಬತ್ತು! ಒಂದು ಕೂದಲೆಳೆ ಆಚೆ ಈಚೆ ಹೋಗಲ್ಲ. ಎಂಜಿನ್ ಅಂದ್ರೆ ಇದು!" ಅಂದ. ನಾನು ಇಣುಕಿ ನೋಡಿದೆ. ಅವರು ಊರೆಲ್ಲ ಸುತ್ತಿ ಬಂದರೂ ತೊಂಬತ್ತು. ಬಾನೆಟ್ ಕೆಳಗಿಂದ ಬಿಸಿ ಹೊಡೆಯುತ್ತಿತ್ತು, ಫ್ಯಾನ್ ತಿರುಗಲಿಲ್ಲ.

ಅಲ್ಲೇ ಕಿರುಚಿಬಿಡೋಣ ಅನ್ನಿಸಿತು. ಇವನು ಮೀಸೆಯ ಗಾಡಿಗೂ ಇದನ್ನೇ ಮಾಡಿದ್ದ, ಗೊತ್ತಿದ್ದೂ ನಿನ್ನ ತಲೆಗೆ ಕಟ್ಟಿದ. ನಾಳೆಯೇ ನಾಲ್ಕು ಜನರ ಮುಂದೆ ಕೇಳಲಾ?

ಸಿಟ್ಟಿನಲ್ಲಿ ಅಕ್ಷರ ಸೊಟ್ಟಗಾಗಿದೆ,
ನಟ್ಟು


ಜುಲೈ ೧೦

ನಟ್ಟೂ,

ಕೇಳಬೇಡ. ಬಾಯಿ ಮುಚ್ಚಿಕೊಂಡಿರು.

ನಿನಗೆ ಇನ್ನೂ ಏನೂ ಗೊತ್ತಿಲ್ಲ. ಸೆನ್ಸರ್ರೇ ಕೆಟ್ಟು ನಿಂತಿರಬಹುದು. ಗೊತ್ತಿಲ್ಲದೆ ಒಬ್ಬನ ಕಾಲರ್ ಹಿಡಿದರೆ ನಿನಗೂ ಮೀಸೆಗೂ ಏನು ವ್ಯತ್ಯಾಸ? ನಂಬರು ಓದೋದು ಅಂದರೆ ಅದು ಏನು ಹೇಳ್ತಿದೆ ಅಂತ ನೋಡೋದಲ್ಲ. ಅದು ಹೇಳೋದು ನಿಜವಾ ಅಂತ ಪಕ್ಕದವರನ್ನು ಕೇಳೋದು. ಪರೀಕ್ಷೆ ಹೀಗೆ ಮಾಡು.

ಬೆಳಿಗ್ಗೆ, ಯಾರೂ ಗಾಡಿ ಸ್ಟಾರ್ಟ್ ಮಾಡೋ ಮೊದಲು, ಕೀ ಮಾತ್ರ ತಿರುಗಿಸು. ಎಂಜಿನ್ ನೀರಿನ ಬಿಸಿ ಎಷ್ಟು, ಒಳಗೆ ಹೋಗೋ ಗಾಳಿಯ ಬಿಸಿ ಎಷ್ಟು, ಎರಡೂ ನೋಡು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಆಮೇಲೆ ನೀರಿನ ಸೆನ್ಸರಿನ ಪ್ಲಗ್ ಕಿತ್ತುಬಿಡು. ಕಂಪ್ಯೂಟರಿಗೆ ಸುದ್ದಿ ನಿಂತು ಹೋದರೆ ನಂಬರು ಮೈನಸ್ ನಲವತ್ತಕ್ಕೆ ಬೀಳುತ್ತೆ. ಬಿದ್ದರೆ ತಂತಿ ಸರಿಯಾಗಿದೆ, ಸೆನ್ಸರ್ ಕೆಟ್ಟಿದೆ. ಪ್ಲಗ್ ಕಿತ್ತ ಮೇಲೂ ತೊಂಬತ್ತು ಅಂದರೆ, ನಡುವೆ ಬೇರೆ ಯಾರೋ ಕೂತು ಸುಳ್ಳು ಹೇಳ್ತಿದ್ದಾರೆ.

ಇನ್ನೊಂದು. ನಿನ್ನ ಈ ಸಲದ ಕಾಗದದಲ್ಲಿ ಚಿಕ್ಕಪ್ಪನನ್ನು ಏಕವಚನದಲ್ಲಿ ಬರೆದಿದ್ದೀಯ. ಬರಿ, ಬೇಡ ಅನ್ನಲ್ಲ. ಎದುರಿಗೆ ಮಾತ್ರ ಬಹುವಚನವೇ ಇರಲಿ. ಸಿಟ್ಟು ನಾಲಿಗೆಗೆ ಬಂತು ಅಂದರೆ ಅವನು ಎಚ್ಚರ ಆಗ್ತಾನೆ.

ಅಕ್ಕ ನನಗೆ ಕಿವಿಗೆ ಹಾಕೋ ಮೆಷಿನ್ ಕೊಡಿಸಿದ್ದಾಳೆ. ಈಗ ಎದುರಿಗೆ ಕೂತು ಮಾತಾಡಿದರೆ ಕೇಳಿಸುತ್ತೆ. ಫೋನು ಮಾತ್ರ ಕೀಂಯ್ ಅನ್ನುತ್ತೆ. ಅಕ್ಕ ದಿನವಿಡೀ ಎಷ್ಟು ಮಾತಾಡ್ತಾಳೆ ಅಂತ ಈಗ ಗೊತ್ತಾಗ್ತಿದೆ. ಆಗಾಗ ತೆಗೆದಿಡ್ತೀನಿ.

ಅಪ್ಪ


ಜುಲೈ ೧೯

ಅಪ್ಪಾ,

ಗಾಳಿ ಇಪ್ಪತ್ತೆರಡು. ನೀರು ತೊಂಬತ್ತು. ಪ್ಲಗ್ ಕಿತ್ತೆ. ತೊಂಬತ್ತು.

ಅಂಗಳದಲ್ಲಿ ನಾನೊಬ್ಬಳೇ ಇದ್ದೆ. ಚಿಕ್ಕಪ್ಪ ಅವತ್ತು ಕೀ ಆಫೀಸಿನಲ್ಲೇ ಮರೆತು ಹೋಗಿದ್ದ. ಬಾನೆಟ್ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು. ಸ್ಕ್ಯಾನರ್ ಮಾತ್ರ ಎಂಜಿನ್ ಹದವಾಗಿ ಕಾದಿದೆ ಅನ್ನುತ್ತಿತ್ತು. ಪ್ಲಗ್ಗಿನ ತಂತಿ ಹಿಡಿದುಕೊಂಡು ಹಿಂದೆ ಹೋದೆ. ಬ್ಯಾಟರಿಯ ಹಿಂಬದಿ ಕಪ್ಪು ಟೇಪ್ ಸುತ್ತಿದ ಒಂದು ಗಂಟು ಸಿಕ್ಕಿತು. ಟೇಪಿನ ತುದಿ ಒಳಕ್ಕೆ ಮಡಚಿತ್ತು, ಮತ್ತೆ ಬಿಚ್ಚಲು ಸುಲಭವಾಗಲಿ ಅಂತ. ನಮ್ಮ ಗ್ಯಾರೇಜಿನಲ್ಲಿ ಹಾಗೆ ಮಡಚುವವನು ಒಬ್ಬನೇ. ಬಣ್ಣ ಹೊಡೆಯುವಾಗ ಗ್ಲಾಸಿಗೆ ಟೇಪ್ ಅಂಟಿಸುವ ಕೈ ಅದು, ಎಲ್ಲಿ ಹೋದರೂ ಆ ಅಭ್ಯಾಸ ಬಿಡುವುದಿಲ್ಲ. ಬಿಚ್ಚಿದರೆ ಒಳಗೆ ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್, ಕರೆಂಟು ತಡೆಯುವ ತುಂಡು. ಸೆನ್ಸರಿಂದ ಬರುವ ತಂತಿಯನ್ನು ಕತ್ತರಿಸಿ, ಕಂಪ್ಯೂಟರಿನ ಕಡೆ ಇದನ್ನು ಕೂರಿಸಿದ್ದಾನೆ. ವಿಪರೀತ ಕಾಯುವ ಗಾಡಿ ಅಂತ ಗಿರಾಕಿಗೆ ತಿಳಿಯಬಾರದಲ್ಲ, ಎಂಜಿನ್ ಬೆಂದು ಹೋದರೂ ಇದು ತೊಂಬತ್ತು ಅನ್ನುತ್ತಲೇ ಇರುತ್ತದೆ. ಬಿಸಿಯಾಗಿದೆ ಅಂತ ಕಂಪ್ಯೂಟರಿಗೆ ಗೊತ್ತೇ ಆಗದಿದ್ದರೆ ಅದು ಫ್ಯಾನ್ ಹೇಗೆ ಹಾಕೀತು?

ಟೇಪನ್ನು ಇದ್ದ ಹಾಗೇ ಸುತ್ತಿಟ್ಟೆ.

ಇನ್ನೊಂದು ವಿಷಯ ಈಗ ಅರ್ಥವಾಯಿತು. ಈ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಗಲೇ ಬಿಸಿಯಾಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲು ಕಡಿಮೆ ಕೊಡುತ್ತದೆ. ಅದಕ್ಕೇ ಗಿರಾಕಿ ಬರುವ ಮೊದಲೇ ಅವನು ಸ್ಟಾರ್ಟ್ ಮಾಡಿ, ಬಿಸಿ ಮಾಡಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ಆಫೀಸಿನಲ್ಲಿ ಕೂತಿರುತ್ತಾನೆ.

ಅಪ್ಪಾ, ನನಗೊಂದು ಆಸೆ. ಆ ರೆಸಿಸ್ಟರನ್ನು ಕತ್ತರಿಸಿ ತೆಗೆದು ಅವನ ಸ್ವಂತ ಗಾಡಿಗೇ ಕೂರಿಸುತ್ತೇನೆ. ಟೇಪಿನ ತುದಿಯನ್ನೂ ಅವನ ಹಾಗೇ ಮಡಚುತ್ತೇನೆ. ಅವನು ಖುಷಿಯಾಗಿ ಹಾಡು ಹೇಳಿಕೊಂಡು ದೂರದ ರಸ್ತೆಗೆ ಹೋಗಲಿ. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ನಡುವೆ ನಿಂತಿರಲಿ. ಎಂಜಿನ್ ಬೇಯಲಿ. ಕೊನೆಗೆ ಹಗ್ಗ ಕಟ್ಟಿಸಿಕೊಂಡು ಬರಲಿ ಇದೇ ಗೇಟಿನೊಳಗೆ.

ಹೂಂ ಅನ್ನು, ಸಾಕು.

ನಟ್ಟು


ಜುಲೈ ೨೬

ನಟ್ಟೂ,

ಉಹೂಂ.

ಆ ಗಾಡಿಯಲ್ಲಿ ನಿನ್ನ ಚಿಕ್ಕಮ್ಮನೂ ಕೂರುತ್ತಾಳೆ. ನಿಮ್ಮಮ್ಮ ಹೋದ ಮೇಲೆ ನಿನ್ನ ತಲೆ ಬಾಚಿದವಳು ಅವಳು. ಅವಳಿಗೆ ನಡುರಸ್ತೆಯಲ್ಲಿ ಹೊಗೆ ಕುಡಿಸ್ತೀಯಾ? ಮತ್ತೆ, ಯಾರಿಗೂ ಕಾಣದ ಹಾಗೆ ತಂತಿ ಕತ್ತರಿಸೋದು ಅವನ ವಿದ್ಯೆ. ನಿನಗೆ ನಾನು ಕಲಿಸಿದ್ದು ಅದಲ್ಲ.

ಸೇಡು ಬೇಡ ಅಂತ ಮೊದಲು ಬರೆದಿದ್ದೆ. ಅದು ಬಾಯಿಮಾತು. ಈ ಮನೆಯ ಜಗಲಿ ಮೇಲೆ ಕೂತು ದಿನಾ ಅದೇ ಅಂಗಳ ನೋಡ್ತಿದ್ದೀನಿ. ಮೀಸೆಯ ಬಾಯಿ ತೆರೀತಿದೆ, ಮುಚ್ತಿದೆ. ಹುಬ್ಬು ಮೇಲೆ ಹೋಗ್ತಿದೆ. ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ. ಪಕ್ಕದಲ್ಲಿ ನನ್ನ ತಮ್ಮ. ಚಿಕ್ಕವನಿದ್ದಾಗ ನಾನು ಹೆಗಲ ಮೇಲೆ ಹೊತ್ತು ಮೆರೆಸಿದ ತಮ್ಮ. ಒಂದು ಸಲ ನನ್ನ ಭುಜ ಮುಟ್ಟಿದ್ದರೆ ಸಾಕಿತ್ತು, ತಿರುಗಿ ನೋಡ್ತಿದ್ದೆ, ಇನ್ನೊಂದು ಸಲ ಹೇಳು ಅಂತಿದ್ದೆ. ಅವನು ಮುಟ್ಟಲಿಲ್ಲ. ಅದನ್ನು ನೆನೆಸಿಕೊಂಡರೆ ತಟ್ಟೆ ಎತ್ತಿ ಗೋಡೆಗೆ ಎಸೀಬೇಕು ಅನ್ನಿಸುತ್ತೆ.

ಅದಕ್ಕೇ ಹೇಳ್ತೀನಿ, ಕದ್ದು ಮಾಡೋದು ಸಾಲದು. ನನ್ನ ಹೆಸರು ಹೋಗಿದ್ದು ಹಗಲು ಹೊತ್ತಲ್ಲಿ, ಅಂಗಳದಲ್ಲಿ, ಜನರ ಮುಂದೆ. ಅವನದೂ ಅಲ್ಲೇ ಹೋಗಬೇಕು.

ಏನನ್ನೂ ಮುಟ್ಟಬೇಡ. ಗಾಡಿ ತಣ್ಣಗಿರುವಾಗ ಗಿರಾಕಿ ಬರೋ ಹಾಗೆ ಮಾಡು. ಮೀಸೆಯೂ ಅಲ್ಲಿರಬೇಕು. ನೀನು ಆರೋಪ ಮಾಡಬೇಡ, ಒಂದು ಮಾತೂ ಜಾಸ್ತಿ ಆಡಬೇಡ. ನಂಬರನ್ನು ಅವನ ಬಾಯಿಂದಲೇ ಓದಿಸು.

ಅಪ್ಪ


ಆಗಸ್ಟ್ ೯

ಅಪ್ಪಾ,

ಆಯಿತು! ಎಲ್ಲಿಂದ ಶುರು ಮಾಡಲಿ?

ನೀಲಿ ಗಾಡಿ ಕೇಳಿಕೊಂಡು ಒಬ್ಬರು ಆಸ್ಪತ್ರೆಯ ನರ್ಸ್ ಬಂದಿದ್ದರು. ರಾತ್ರಿ ಪಾಳಿಗೆ ಹೋಗಲು ಬಸ್ ಸಿಗುವುದಿಲ್ಲ, ಅದಕ್ಕೆ ಗಾಡಿ ಬೇಕು ಅಂತ ಚಿಕ್ಕಪ್ಪನಿಗೆ ಹೇಳಿದರು. ಅವರು ಹೊರಡುವಾಗ ಗೇಟಿನ ಹತ್ತಿರ "ಬೆಳಿಗ್ಗೆ ಪಾಳಿ ಮುಗಿದ ತಕ್ಷಣ ಬಂದುಬಿಡಿ, ಗೇಟು ನಾನೇ ತೆಗೀತೀನಿ" ಅಂದೆ. ಮೀಸೆಗೆ ಹೇಳಿ ಕಳಿಸಿದೆ, ನಿನ್ನ ಎಂಜಿನ್ ಕೊಂದವರು ಯಾರು ಅಂತ ನೋಡಬೇಕಾದರೆ ಅದೇ ಹೊತ್ತಿಗೆ ಬಾ ಅಂತ. ಬೈದುಕೊಂಡೇ ಬಂದ, ಗೇಟಿಗೆ ಒರಗಿ ನಿಂತ. ಗ್ಯಾರೇಜಿನವರು ಬಟ್ಟೆ ಬದಲಿಸುತ್ತಿದ್ದರು. ಟೈರ್ ಅಂಗಡಿಯವನು ಶಟರ್ ಅರ್ಧಕ್ಕೇ ಬಿಟ್ಟು ಬಂದ. ಅವನಿಗೆ ಯಾರೂ ಹೇಳಿರಲಿಲ್ಲ, ವಾಸನೆ ಹಿಡಿದಿರಬೇಕು.

ಚಿಕ್ಕಪ್ಪ ಬರುವ ಹೊತ್ತಿಗೆ ನರ್ಸಮ್ಮ ಆಗಲೇ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಅವನ ಮುಖ ಒಂದು ಗಳಿಗೆ ಸಪ್ಪಗಾಯಿತು. ನನ್ನ ಹತ್ತಿರ ಬಂದು ಮೆಲ್ಲಗೆ, "ಬಿಸಿ ಮಾಡಿದ್ಯಾ?" ಅಂದ.

"ಕೀ ನಿಮ್ಮ ಜೇಬಲ್ಲೇ ಇತ್ತಲ್ಲ ಚಿಕ್ಕಪ್ಪ" ಅಂದೆ. ನೀನು ಹೇಳಿದ ಹಾಗೆ ಬಹುವಚನದಲ್ಲೇ.

ಗಿರಾಕಿ ಎದುರಿಗಿದ್ದಾರೆ, ಏನು ಮಾಡುತ್ತಾನೆ? ಹಲ್ಲು ಕಿರಿದು ಕೀ ಕೊಟ್ಟ. ನಾನು ಸ್ಕ್ಯಾನರ್ ಹಾಕಿ ಅವನ ಕೈಗೇ ಇಟ್ಟೆ. "ನೀವೇ ತೋರಿಸಿ, ನೀವು ಹೇಳಿದ್ರೆ ಚೆನ್ನಾಗಿರುತ್ತೆ" ಅಂದೆ. ಹೊಗಳಿದರೆ ಅವನು ಎಲ್ಲಿಗೆ ಬೇಕಾದರೂ ಬರುತ್ತಾನೆ. ನರ್ಸಮ್ಮ ಕೀ ತಿರುಗಿಸಿದರು, ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಬಾಯಿಪಾಠ ಒಪ್ಪಿಸುವವನ ಹಾಗೆ ಇವನು ಶುರು ಮಾಡಿಯೇಬಿಟ್ಟ. "ನೋಡಿ ಮೇಡಂ, ತೊಂಬತ್ತು! ಒಂದು ಕೂದಲೆಳೆ ಆಚೆ ಈಚೆ..."

"ತೊಂಬತ್ತು ಏನು?" ಅಂತ ನರ್ಸಮ್ಮ ಕೇಳಿದರು.

"ಎಂಜಿನ್ ಬಿಸಿ ಮೇಡಂ. ತೊಂಬತ್ತು ಡಿಗ್ರಿ. ಆರೋಗ್ಯವಾಗಿದೆ ಅಂತ ಅರ್ಥ."

"ಇವತ್ತು ಗಾಡಿ ಓಡ್ಸಿದೀರಾ?"

"ಇಲ್ಲ ಇಲ್ಲ, ನಿನ್ನೆ ಸಂಜೆಯಿಂದ ಇಲ್ಲೇ ನಿಂತಿದೆ."

ಅಂದಮೇಲೆ ಅವನಿಗೆ ಹೊಳೆಯಿತು. ಬಾಯಿ ಹಾಗೇ ತೆರೆದುಕೊಂಡಿತ್ತು. ನರ್ಸಮ್ಮ ಇಳಿದು ಬಂದು ಬಾನೆಟ್ ಎತ್ತಿಸಿದರು. ರೋಗಿಯ ಹಣೆ ಮುಟ್ಟುವ ಹಾಗೆ ಎಂಜಿನ್ ಮೇಲೆ ಅಂಗೈ ಇಟ್ಟರು, ರೇಡಿಯೇಟರ್ ಮೇಲೂ ಇಟ್ಟರು. "ತಣ್ಣಗಿದೆಯಲ್ರೀ" ಅಂದರು. "ತೊಂಬತ್ತು ಡಿಗ್ರಿ ಅಂದ್ರೆ ನನ್ನ ಕೈ ಸುಟ್ಟು ಹೋಗ್ಬೇಕಿತ್ತು. ಎಲ್ಲಿ, ನೀವೂ ಮುಟ್ಟಿ ನೋಡಿ."

ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಟೈರ್ ಅಂಗಡಿಯವನು ಎರಡು ಸಲ ಮುಟ್ಟಿದ. ಗೇಟಿಗೆ ಒರಗಿದ್ದ ಮೀಸೆ ನಿಧಾನಕ್ಕೆ ಒಳಗೆ ಬಂದ. ಚಿಕ್ಕಪ್ಪ "ಸೆನ್ಸರ್ ಕೆಟ್ಟಿರಬೇಕು, ಬದಲಾಯಿಸಿ ಕೊಡ್ತೀನಿ" ಅಂದ. ನಾನು ಮೀಸೆಗೆ ಪ್ಲಗ್ ತೋರಿಸಿ, "ಇದನ್ನ ಕೀಳಿ" ಅಂದೆ. ಕಿತ್ತ. "ಈಗ ಎಷ್ಟಿದೆ ಚಿಕ್ಕಪ್ಪ?" ಅಂತ ಕೇಳಿದೆ. ಅವನು ಸ್ಕ್ಯಾನರನ್ನು ಎದೆಯ ಕಡೆ ತಿರುಗಿಸಿ ಹಿಡಿದ. ನರ್ಸಮ್ಮ ಅವನ ಕೈಯಿಂದ ಸ್ಕ್ಯಾನರ್ ತೆಗೆದುಕೊಂಡು ಓದಿದರು: "ತೊಂಬತ್ತು."

ತಂತಿಯ ಜಾಡು ಹಿಡಿದು ಮೀಸೆಯೇ ಹೋದ, ನಾನು ಬೆರಳೂ ಎತ್ತಲಿಲ್ಲ. ಗಂಟು ಬಿಚ್ಚಿ ರೆಸಿಸ್ಟರನ್ನು ಅಂಗೈ ಮೇಲೆ ಇಟ್ಟುಕೊಂಡ. "ಹಳೇ ಓನರ್ ಮಾಡಿರ್ಬೇಕು" ಅಂದ ಚಿಕ್ಕಪ್ಪ. ಅಷ್ಟರಲ್ಲಿ ಗ್ಯಾರೇಜಿನವರೆಲ್ಲ ಮೀಸೆಯ ಇನ್ನೊಂದು ಕೈಯಲ್ಲಿದ್ದ ಟೇಪನ್ನು ನೋಡುತ್ತಿದ್ದರು. ತುದಿ ಮಡಚಿತ್ತು. ಪಕ್ಕದಲ್ಲಿ ಬಣ್ಣಕ್ಕೆ ನಿಲ್ಲಿಸಿದ್ದ ಗಾಡಿಯ ಗ್ಲಾಸಿನ ಮೇಲೂ ಹಾಗೇ ತುದಿ ಮಡಚಿದ ಟೇಪು ಇತ್ತು. ಎಲ್ಲರ ಕಣ್ಣೂ ಅತ್ತ ಹೋಗಿ ವಾಪಸ್ ಅವನ ಮೇಲೆ ಬಂತು.

ಮೀಸೆ ಕಿರುಚಲಿಲ್ಲ ಅಪ್ಪಾ. ಸಣ್ಣ ದನಿಯಲ್ಲಿ ಕೇಳಿದ. "ನನ್ನ ಗಾಡೀಲೂ ಇದೇ ಇತ್ತಾ?"

ಚಿಕ್ಕಪ್ಪ ನೆಲ ನೋಡಿದ.

"ನಿಮ್ಮಣ್ಣ ಓಡಿಸಬೇಡ ಅಂದ್ರು. ಕಿವುಡನ ಮಾತು ಕೇಳ್ಬೇಡ ಹೋಗು ಅಂತ ನೀನು ಅಂದೆ. ಇತ್ತು ತಾನೇ?"

ಅವನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ತಲೆ ಆಡಿಸಿದ.

ನರ್ಸಮ್ಮ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟರು. ಗೇಟಿನ ಹತ್ತಿರ ನಿಂತು, "ರಾತ್ರಿ ಹೊತ್ತು ಒಬ್ಬಳೇ ಓಡಿಸ್ತೀನಿ ಅಂತ ನಿಮಗೆ ಹೇಳಿದ್ದೆ" ಅಂದರು. ಬೈಗುಳ ಆಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಮಾತಿಗೆ ಅಲ್ಲೇ ಬಂಪರ್ ಮೇಲೆ ಕುಸಿದು ಕೂತ.

ನನ್ನ ಹೊಟ್ಟೆ ತಣ್ಣಗಾಗಿದೆ.

ನಿನ್ನ ಮಾತು ಮೀರದ
ನಟ್ಟು


ಆಗಸ್ಟ್ ೧೭

ನಟ್ಟೂ,

ನಿನ್ನ ಕಾಗದ ಅಕ್ಕನಿಗೆ ಓದಿ ಹೇಳಿದೆ. ಅವಳು ಅತ್ತಳು. ಆಮೇಲೆ ಮತ್ತೊಮ್ಮೆ ಓದು ಅಂದಳು. ನಾನು ಅಳಲಿಲ್ಲ. ಜಗಲಿಗೆ ಹೋಗಿ ಒಬ್ಬನೇ ಕೂತು ನಕ್ಕೆ. ಬೀದಿಯಲ್ಲಿ ಹೋಗೋರು ತಿರುಗಿ ನೋಡಿದರು.

ಅವನು ತಲೆ ಆಡಿಸಿದಾಗ ಮುಖ ಹೇಗಿತ್ತು? ಅದನ್ನು ನೀನು ಬರೆದಿಲ್ಲ. ಬರಿ.

ಅಪ್ಪ


ಸೆಪ್ಟೆಂಬರ್ ೨

ಅಪ್ಪಾ,

ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ತುಟಿ ಒಣಗಿತ್ತು. ಸಾಕಾ?

ಅಂಗಳ ಖಾಲಿ ಹೊಡೆಯುತ್ತಿದೆ. ಬರುವ ಒಬ್ಬಿಬ್ಬರೂ ಬೆಳಿಗ್ಗೆಯೇ ಬಂದು, ಮೊದಲು ಬಾನೆಟ್ ಮುಟ್ಟಿ ಆಮೇಲೆ ನಂಬರು ತೋರಿಸಿ ಅನ್ನುತ್ತಾರೆ. ಟೈರ್ ಅಂಗಡಿಯವನು ಊರಿಗೆಲ್ಲ ಆ ವಿದ್ಯೆ ಕಲಿಸಿಬಿಟ್ಟಿದ್ದಾನೆ. "ಕಂಪ್ಯೂಟರ್ ಮೂಲಕ" ಅನ್ನುವ ಬೋರ್ಡಿಗೆ ಯಾರೋ ಕಪ್ಪು ಟೇಪ್ ಅಂಟಿಸಿ ಹೋಗಿದ್ದಾರೆ, ತುದಿ ಮಡಚಿ. ನಾನಲ್ಲ, ಆಣೆಗೂ ನಾನಲ್ಲ. ಮೀಸೆ ಗೇಟಿನ ಮುಂದೆ ಹೋಗುವಾಗ ಈಗ ಹಾರ್ನ್ ಹೊಡೆದು ನನಗೆ ಕೈ ಎತ್ತುತ್ತಾನೆ. ನೀನು ಬಂದರೆ ಕಾಲು ಹಿಡಿಯಬೇಕು ಅಂತ ಕಾಯುತ್ತಿದ್ದಾನೆ. ನಿನ್ನ ಸ್ಟೂಲನ್ನು ಟೈರುಗಳ ಹಿಂದಿನಿಂದ ತಂದು ಒರೆಸಿದವನೂ ಅವನೇ.

ಚಿಕ್ಕಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಊಟ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ಅದೊಂದು ನನಗೆ ಚುಚ್ಚುತ್ತದೆ. ಆದರೂ ಮಾಡಿದ್ದಕ್ಕೆ ಬೇಜಾರಿಲ್ಲ, ಇನ್ನೊಂದು ಸಲ ಮಾಡು ಅಂದರೂ ಮಾಡುತ್ತೇನೆ.

ಚಿಕ್ಕಪ್ಪ ನಿನ್ನೆ ನನ್ನ ರೂಮಿನ ಬಾಗಿಲಿಗೆ ಬಂದು ನಿಂತಿದ್ದ. "ಅಣ್ಣನ ಹತ್ರ ಹೋಗ್ಬೇಕು. ಅವನು ಬಂದು ಗ್ಯಾರೇಜಲ್ಲಿ ಕೂತ್ರೆ ಜನ ಮತ್ತೆ ಬರ್ತಾರೆ" ಅಂದ. ನೋಡು, ಆಗಲೂ ಅವನಿಗೆ ಗ್ಯಾರೇಜಿನದೇ ಚಿಂತೆ. ಅತ್ತೆಯ ಮನೆಗೆ ಹೊರಟಿದ್ದಾನೆ. ಬಂದವನು ಅಳುತ್ತಾನೆ, ನಿನ್ನ ಕಾಲಿಗೂ ಬೀಳುತ್ತಾನೆ. ನೀನು ಕರಗಿ ನೀರಾಗಿ "ಹೋಗಲಿ ಬಿಡು" ಅಂದೆಯೋ, ನಾನು ನಿನಗೆ ಕಾಗದ ಬರೆಯುವುದನ್ನೇ ಬಿಡುತ್ತೇನೆ. ಹೇಳಿದ್ದೇನೆ.

ನಟ್ಟು


ಸೆಪ್ಟೆಂಬರ್ ೧೧

ನಟ್ಟೂ,

ಮೊದಲು ನಿನಗೆ ಬೇಕಾದ್ದು. ಇಲ್ಲಿ ಬಸ್ ನಿಲ್ದಾಣದ ಪಕ್ಕ ಒಂದು ಶೆಡ್ ಖಾಲಿ ಇದೆ, ಬೆಳಗಿನ ಬಿಸಿಲು ಒಳಗೆ ಬೀಳುತ್ತೆ. ಮಾತಾಡಿದ್ದೀನಿ. ಸ್ಕ್ಯಾನರ್ ನನ್ನದು, ಎತ್ತಿಕೊಂಡು ಬಾ. ಸ್ಟೂಲನ್ನೂ ತಾ. ಮೀಸೆಗೆ ಹೇಳು, ಕಾಲು ಗೀಲು ಹಿಡಿಯೋದು ಬೇಡ, ಗಾಡಿ ಕೆಟ್ಟರೆ ಇಲ್ಲಿಗೇ ತರಲಿ. ಹೊರಡೋ ಮುಂಚೆ ಚಿಕ್ಕಮ್ಮನಿಗೆ ನಮಸ್ಕಾರ ಮಾಡು, ಮಾತಾಡಿಸದಿದ್ದರೂ ಮಾಡು.

ಅವನು ಬಂದಿದ್ದ. ನಾನು ಜಗಲಿಯಲ್ಲಿ ಕೂತಿದ್ದೆ. ಎದುರಿಗೆ ಕುರ್ಚಿ ಹಾಕಿಸಿದೆ. ಅಕ್ಕ ನೀರು ತಂದಿಟ್ಟು ಒಳಗೆ ಹೋದಳು. "ಅಣ್ಣಾ" ಅಂದ. ಅಷ್ಟು ಕೇಳಿಸಿತು. ಎಷ್ಟೋ ವರ್ಷದ ಮೇಲೆ ಅವನ ದನಿ ಅಷ್ಟು ಸರಿಯಾಗಿ ಕೇಳಿಸಿದ್ದು. ಚಿಕ್ಕವನಿದ್ದಾಗಿನ ದನಿಯೇ.

ನಾನು ಕಿವಿಯಿಂದ ಮೆಷಿನ್ ತೆಗೆದೆ. ಅವನು ನೋಡ್ತಿರುವ ಹಾಗೇ ನೀರಿನ ಲೋಟದ ಪಕ್ಕ ಇಟ್ಟೆ.

ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಆಮೇಲೂ ಮಾತಾಡಿದ, ಬೇರೆ ದಾರಿ ಇರಲಿಲ್ಲವಲ್ಲ. ಬಹಳ ಹೊತ್ತು ಮಾತಾಡಿದ. ಬಾಯಿ ತೆರೀತಿತ್ತು, ಮುಚ್ತಿತ್ತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡ. ನಾನು ಕತ್ತು ನೆಟ್ಟಗೆ ಇಟ್ಟುಕೊಂಡು ಅವನ ಮುಖವನ್ನೇ ನೋಡ್ತಿದ್ದೆ. ಕೊನೆಗೆ ಮುಂದಕ್ಕೆ ಬಗ್ಗಿ, ನನ್ನ ಮೊಣಕಾಲು ಹಿಡಿದು, ಏನೋ ಕೇಳಿದ. ಕೇಳಿದ್ದು ಅಂತ ಹೇಗೆ ಗೊತ್ತಾಯಿತು ಅಂದರೆ, ಅವನ ಹುಬ್ಬು ಮೇಲೆ ಹೋಯಿತು, ಅಲ್ಲೇ ನಿಂತಿತು. ಉತ್ತರಕ್ಕೆ ಕಾಯ್ತಿದ್ದ.

ಮೀಸೆ ಏನು ಕೇಳಿದ ಅಂತ ಅವತ್ತು ನನಗೆ ಗೊತ್ತಾಗಲಿಲ್ಲ. ನನ್ನ ತಮ್ಮ ಏನು ಕೇಳಿದ ಅಂತ ಇವತ್ತೂ ಗೊತ್ತಿಲ್ಲ.

ಈ ಸಲ ನಾನು ತಲೆ ಆಡಿಸಲಿಲ್ಲ.

ಅಪ್ಪ